ನೊಂದ ನಡುವಿಗೆ ಬಲ ತರುವ ಬಗೆ

ಆಗಸ್ಟ್ ತಿಂಗಳಿನಲ್ಲಿ ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಪ್ರಯಾಣ ಮಾಡುವವರಿಗೆ ರಸ್ತೆಯ ಎರಡು ಮಗ್ಗುಲಿನ ಹೊಲಗಳಲ್ಲಿಯೂ ಜನರ ಮುಖಕ್ಕಿಂತ ಮೊದಲು ಅವರ ಬೆನ್ನು ಕಾಣಿಸುತ್ತದೆ. ಹೊಗೆಸೊಪ್ಪಿನ ಗಿಡದಲ್ಲಿ ಮೊದಲು ಬಲಿಯುವುದು ಬುಡದ ಎಲೆ. ಅದನ್ನು ಮುರಿಯಬೇಕಾದರೆ ಕೈ ನೆಲದ ಹತ್ತಿರಕ್ಕೆ ಹೋಗಬೇಕು. ಕೈ ಹೋಗಬೇಕಾದರೆ ಬೆನ್ನು ಬಾಗಬೇಕು. ಮುರಿದ ಎಲೆಯನ್ನು ಕಡ್ಡಿಗಳಿಗೆ ಕಟ್ಟಿ ಬ್ಯಾರನ್ನಿನೊಳಗೆ ಮೇಲಕ್ಕೇರಿಸುವುದು ಅನಂತರದ ಕೆಲಸ. ಅದೇ ಕಾಲದಲ್ಲಿ ಕೃಷ್ಣರಾಜನಗರದ ನಾಲಾ ಬಯಲುಗಳಲ್ಲಿ ಹೆಂಗಸರು ಸಾಲಾಗಿ ನಿಂತು, ಹಿಂದೆ ಹಿಂದೆ ಸರಿಯುತ್ತ, ಬೆಳಗಿನಿಂದ ಸಂಜೆಯವರೆಗೆ ಬತ್ತದ ಪೈರನ್ನು ನಾಟಿ ಹಾಕುತ್ತಿರುತ್ತಾರೆ. ಹೆಗ್ಗಡದೇವನಕೋಟೆಯ ಕಡೆಗೆ ಹೋದರೆ ಶುಂಠಿ. ಅದರ ವ್ಯಾಪಾರವೆಲ್ಲ 60 ಕಿಲೋಗ್ರಾಂ ಚೀಲದ ಲೆಕ್ಕದಲ್ಲಿ. ಬಗ್ಗುವುದು, ಎತ್ತುವುದು, ಹೊರುವುದು, ಈ ಮೂರನ್ನು ಬಿಟ್ಟರೆ ಈ ನಾಲ್ಕು ತಾಲ್ಲೂಕುಗಳ ಬೇಸಾಯವೇ ಇಲ್ಲ. ಆದುದರಿಂದ “ಸೊಂಟ ಹಿಡಿದುಕೊಂಡಿದೆ” ಎಂಬ ಮಾತನ್ನು ಕೇಳದ ಮನೆ ಇಲ್ಲಿ ವಿರಳ. ಇದು ನಮ್ಮ ನೆಲದ ವಿಶೇಷವೇನೂ ಅಲ್ಲ. 2020ನೆಯ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 61.9 ಕೋಟಿ ಜನ ಸೊಂಟನೋವಿನಿಂದ ನರಳುತ್ತಿದ್ದರೆಂದು ರೋಗಗಳ ಜಾಗತಿಕ ಅಂದಾಜು ಹೇಳುತ್ತದೆ.

ನೋವು ಸ್ವಲ್ಪ ಇಳಿದೊಡನೆ ನಾಲ್ಕು ಜನ ಹೇಳುವ ಬುದ್ಧಿವಾದ ಒಂದೇ: “ನಡು ಗಟ್ಟಿ ಮಾಡಿಕೊ.” ಮಾತು ಸರಿಯಾದುದೇ. ಆದರೆ ಗಟ್ಟಿ ಮಾಡಿಕೊಳ್ಳುವ ಬಗೆ ಯಾವುದು? ತಪ್ಪುಬಗೆಯಲ್ಲಿ ಮಾಡಿದರೆ ಏನಾಗುತ್ತದೆ? ಈ ಪ್ರಶ್ನೆಗಳನ್ನು ನಾವು ಕುತೂಹಲದಿಂದ ಕೈಗೆತ್ತಿಕೊಂಡವರಲ್ಲ; ಪೆಟ್ಟು ತಿಂದು ಕಲಿತವರು. ಆ ಕಥೆಯನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ಕೆಲವು ವರ್ಷಗಳ ಹಿಂದೆ, ನಮ್ಮ ಜಮೀನಿಗೆ ಬಿತ್ತನೆಯ ಶುಂಠಿ ತರಿಸಿದ್ದ ದಿನ, ಆಳುಗಳು ಬರುವುದು ತಡವಾಯಿತೆಂದು ನಾವೇ ಒಂದು ಚೀಲಕ್ಕೆ ಕೈ ಹಾಕಿದೆವು. ಸೊಂಟದಲ್ಲಿ ‘ಚಳಕ್’ ಎಂದಿತು. ಮೂರು ವಾರ ಕಾಲೇಜಿಗೆ ರಜೆ. ನೋವು ತಗ್ಗಿದ ಮೇಲೆ ಹಿತೈಷಿಗಳೊಬ್ಬರು, “ಹೊಟ್ಟೆಯ ಸ್ನಾಯು ಸಡಿಲವಾಗಿರುವುದೇ ಇದಕ್ಕೆಲ್ಲ ಕಾರಣ. ದಿನವೂ ಎದ್ದೊಡನೆ ಅಂಗಾತ ಮಲಗಿ ಮೂವತ್ತು ಸಲ ಎದ್ದು ಕೂರಿ” ಎಂದರು. ನಾವು ಶ್ರದ್ಧೆಯಿಂದ ಹಾಗೆಯೇ ಮಾಡಿದೆವು. ನಾಲ್ಕನೆಯ ದಿನ ನೋವು ಸೊಂಟವನ್ನು ಬಿಟ್ಟು ತೊಡೆಯ ಹಿಂಬದಿಯಿಂದ ಮೀನಖಂಡದವರೆಗೆ ಹರಿಯಿತು. ಪರೀಕ್ಷಿಸಿದ ವೈದ್ಯರು ನಕ್ಕು, “ಮೇಷ್ಟ್ರೇ, ಪಾಠ ಹೇಳುವವರು ನೀವು. ಸನ್ನೆಯ ಲೆಕ್ಕವನ್ನು ನಿಮ್ಮ ಬೆನ್ನಿಗೆ ಹಚ್ಚಿ ನೋಡಲಿಲ್ಲವೆ?” ಎಂದು ಕೇಳಿದರು. ಪ್ರತಿ ವರ್ಷವೂ ಕರಿಹಲಗೆಯ ಮೇಲೆ ಸನ್ನೆಯ ಚಿತ್ರ ಬರೆಯುವ ನಮಗೆ ಆ ಮಾತು ನೋವಿಗಿಂತ ಹೆಚ್ಚಾಗಿ ನಾಟಿತು.

ಈಗ ಆ ಲೆಕ್ಕವನ್ನೇ ಹಚ್ಚಿ ನೋಡೋಣ.

ಸೊಂಟದ ಭಾಗದಲ್ಲಿ ಬೆನ್ನೆಲುಬಿನ ಮಣಿಗಳು ಐದು. ಎಲ್ಲಕ್ಕಿಂತ ಕೆಳಗಿನ ಮಣಿಯ ಬುಡವನ್ನು ಸನ್ನೆಯ ಆನಿಕೆ ಎಂದು ಭಾವಿಸಿ. 60 ಕಿಲೋಗ್ರಾಂ ತೂಕದ ಒಬ್ಬ ಮನುಷ್ಯನು ಬೆನ್ನನ್ನು ನೆಲಕ್ಕೆ ಸಮಾಂತರವಾಗಿ ಬಗ್ಗಿಸಿದ್ದಾನೆ. ಆನಿಕೆಯಿಂದ ಮೇಲಿನ ದೇಹಭಾಗದ ತೂಕ ಸುಮಾರು 36 ಕಿಲೋಗ್ರಾಂ. ಅದರ ಗುರುತ್ವಕೇಂದ್ರ ಆನಿಕೆಯಿಂದ ಸುಮಾರು 30 ಸೆಂಟಿಮೀಟರು ಮುಂದಿದೆ. ಇವನು ಮುಂದಕ್ಕೆ ಮುಗ್ಗರಿಸದಂತೆ ಹಿಡಿದಿರುವುದು ಬೆನ್ನೆಲುಬಿನ ಹಿಂದೆ ಇರುವ ಸ್ನಾಯುಗಳ ಎಳೆತ. ಆ ಸ್ನಾಯುಗಳಾದರೋ ಆನಿಕೆಯಿಂದ ಕೇವಲ 6 ಸೆಂಟಿಮೀಟರು ದೂರದಲ್ಲಿವೆ. ಒಂದು ಕಡೆ 30, ಇನ್ನೊಂದು ಕಡೆ 6! ಬಲವನ್ನು ದೂರದಿಂದ ಗುಣಿಸಿದರೆ ಬರುವ ಭ್ರಾಮಕ ಎರಡು ಕಡೆಯೂ ಸಮವಾಗಿರಬೇಕಷ್ಟೆ. ಆದುದರಿಂದ 36ನ್ನು 30ರಿಂದ ಗುಣಿಸಿ 6ರಿಂದ ಭಾಗಿಸಿದರೆ 180 ಕಿಲೋಗ್ರಾಂ ಭಾರದಷ್ಟು ಎಳೆತ ಸ್ನಾಯುವಿಗೆ ಬೇಕಾಗುತ್ತದೆ. ಕೈಯಲ್ಲಿ ಇನ್ನೂ ಏನನ್ನೂ ಹಿಡಿದಿಲ್ಲವೆಂಬುದನ್ನು ನೆನಪಿಡಿ. ನಾಟಿ ಹಾಕುವ ಹೆಣ್ಣುಮಗಳ ಕೈಯಲ್ಲಿರುವ ಪೈರಿನ ಕಂತೆಗೆ ತೂಕವೆಂಬುದೇ ಇಲ್ಲ. ಆಕೆ ಇಡೀ ದಿನ ಹೊರುವುದು ತನ್ನ ಮೈಯನ್ನೇ.

ಇನ್ನು ಅದೇ ಮನುಷ್ಯನು ಆನಿಕೆಯಿಂದ 50 ಸೆಂಟಿಮೀಟರು ಮುಂದಕ್ಕೆ ಕೈ ಚಾಚಿ 20 ಕಿಲೋಗ್ರಾಂ ಭಾರದ ಬುಟ್ಟಿಯೊಂದನ್ನು ಎತ್ತಿದನೆನ್ನೋಣ. 20ನ್ನು 50ರಿಂದ ಗುಣಿಸಿ 6ರಿಂದ ಭಾಗಿಸಿದರೆ ಮತ್ತೆ 167. ಒಟ್ಟು 347 ಕಿಲೋಗ್ರಾಂ ಭಾರ. ಹೀಗೆ ಸ್ನಾಯು ಎಳೆದಷ್ಟೂ ಮಣಿಗಳು ಒಂದರ ಮೇಲೊಂದು ಒತ್ತಲ್ಪಡುತ್ತವೆ. ಬಲದ ಶುದ್ಧ ಮಾನದಲ್ಲಿ ಹೇಳುವುದಾದರೆ ಇದು ಸುಮಾರು 3400 ನ್ಯೂಟನ್. ನಮ್ಮ ಅಂಕಿಗಳು ಲೆಕ್ಕಕ್ಕೆ ಸುಲಭವಾಗಲೆಂದು ಹಿಡಿದ ಸ್ಥೂಲ ಅಂಕಿಗಳು. ಆದರೂ ಒಂದು ಆಕಸ್ಮಿಕವನ್ನು ವಾಚಕರು ಗಮನಿಸಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯು 1981ರಲ್ಲಿ ಭಾರ ಎತ್ತುವವರಿಗಾಗಿ ನಿಯಮಗಳನ್ನು ರಚಿಸಿದಾಗ, ಬೆನ್ನಿನ ಮೇಲಿನ ಒತ್ತಡ ಇದನ್ನು ದಾಟಿದರೆ ಎಚ್ಚರವಹಿಸಬೇಕೆಂದು ಗೊತ್ತುಮಾಡಿದ ಮಿತಿಯೂ 3400 ನ್ಯೂಟನ್ನೇ. ಅದೇ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದಂತೆ, ಎಲ್ಲವೂ ಅನುಕೂಲವಾಗಿರುವಾಗಲೂ ಒಬ್ಬನು ಎತ್ತಬೇಕಾದ ಭಾರ 23 ಕಿಲೋಗ್ರಾಮನ್ನು ಮೀರಕೂಡದು. ನಾವು ಕೈ ಹಾಕಿದ್ದು 60ರ ಚೀಲಕ್ಕೆ. ಅದನ್ನು ಮೇಲಿನ ಲೆಕ್ಕದಲ್ಲಿಯೇ ಇಟ್ಟು ನೋಡಿದರೆ 680 ಕಿಲೋಗ್ರಾಂ ಭಾರ ಬರುತ್ತದೆ, ಆ ಮಿತಿಯ ಸುಮಾರು ಇಮ್ಮಡಿ.

ಇಷ್ಟು ಒತ್ತಡವನ್ನು ತಡೆಯುವುದು ಯಾವುದು? ಎರಡು ಮಣಿಗಳ ನಡುವೆ ಒಂದೊಂದು ಬಿಲ್ಲೆಯುಂಟು. ಡಿಸ್ಕ್ ಎಂದು ಎಲ್ಲರೂ ಕೇಳಿರುವ ಪದಾರ್ಥ ಇದೇ. ಹೊರಗಡೆ ಈರುಳ್ಳಿಯ ಪದರಗಳಂತೆ ಒಂದರ ಮೇಲೊಂದು ಸುತ್ತಿದ ನಾರಿನ ಉಂಗುರಗಳು, ಒಳಗೆ ನೀರು ಹೀರಿಕೊಂಡ ಲೋಳೆ. ನೆಟ್ಟಗೆ ಒತ್ತಿದರೆ ಈ ಬಿಲ್ಲೆ ಬಹಳ ಗಟ್ಟಿ. ಒತ್ತಡದೊಡನೆ ಬಾಗುವಿಕೆಯೂ ಸೇರಿ, ಅದು ಮತ್ತೆ ಮತ್ತೆ ನಡೆದರೆ ಮಾತ್ರ ಕಷ್ಟ. ಮುಂದಕ್ಕೆ ಬಾಗಿದಾಗ ಬಿಲ್ಲೆಯ ಮುಂಭಾಗ ಹಿಸುಕಿ, ಲೋಳೆ ಹಿಂದಕ್ಕೆ ಒತ್ತುತ್ತದೆ. ಹಿಂಭಾಗದ ನಾರುಗಳು ಸೆಳೆದುಕೊಳ್ಳುತ್ತವೆ. ತಂತಿಯನ್ನು ಒಂದೇ ಕಡೆ ಹಲವು ಸಲ ಬಗ್ಗಿಸಿ ಮುರಿಯುವುದಿಲ್ಲವೆ, ಹಾಗೆ ನಾರುಗಳು ಒಳಗಿನಿಂದ ಹೊರಕ್ಕೆ ಒಂದೊಂದಾಗಿ ಸೀಳಬಹುದು. ಕೊನೆಗೆ ಲೋಳೆ ಹೊರಚಾಚಿ, ಹಿಂದೆ ಕಾಲಿಗೆ ಹೋಗುವ ನರದ ಬುಡವನ್ನು ಒತ್ತುತ್ತದೆ. ಕಾಲಿನ ನೋವಿಗೆ ಕಾರಣ ಸೊಂಟದ ಬಿಲ್ಲೆ ಎಂಬುದನ್ನು ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು 1934ರಲ್ಲಿ ಸ್ಪಷ್ಟಪಡಿಸಿದರು. ನೋವನ್ನು ಮಾತ್ರ ನಮ್ಮ ಆಯುರ್ವೇದದವರು ಬಹು ಹಿಂದೆಯೇ ಗುರುತಿಸಿ ‘ಗೃಧ್ರಸೀ’ ಎಂದು ಹೆಸರಿಟ್ಟಿದ್ದರು. ರೋಗಿಯು ಹದ್ದಿನಂತೆ ಕುಂಟುತ್ತ ನಡೆಯುವನೆಂದು ಆ ಹೆಸರು.

ಎಲ್ಲ ಸೊಂಟನೋವೂ ಬಿಲ್ಲೆಯದೇ ಎಂದು ಯಾರೂ ತಿಳಿಯಬಾರದು. ಬಹುಪಾಲು ನೋವಿಗೆ ಇಂಥದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗುವುದಿಲ್ಲ, ಮತ್ತು ಅದು ಕೆಲವು ವಾರಗಳಲ್ಲಿ ತಾನಾಗಿ ತಗ್ಗುತ್ತದೆ. ಆದರೆ ಒಮ್ಮೆ ನೊಂದ ಬೆನ್ನಿಗೆ ಬಾಗುವಿಕೆ, ಒತ್ತಡ ಎರಡನ್ನೂ ಒಟ್ಟಿಗೆ ಹೇರುವುದು ವಿವೇಕವಲ್ಲ. ಅಂಗಾತ ಮಲಗಿ ಎದ್ದು ಕೂರುವ ವ್ಯಾಯಾಮ ಮಾಡುವುದು ಸರಿಯಾಗಿ ಇದನ್ನೇ. ಕೆನಡದಲ್ಲಿ ಆಕ್ಸ್ಲರ್ ಮತ್ತು ಮೆಕ್‌ಗಿಲ್ ಎಂಬ ಸಂಶೋಧಕರು 1997ರಲ್ಲಿ ಹೊಟ್ಟೆಯ ವ್ಯಾಯಾಮಗಳನ್ನೆಲ್ಲ ಅಳೆದು ನೋಡಿದರು. ಎದ್ದು ಕೂರುವಾಗ ಬೆನ್ನಿನ ಮೇಲೆ ಬೀಳುವ ಒತ್ತಡ, ಮೊಣಕಾಲು ಮಡಿಸಿರಲಿ ನೀಡಿರಲಿ, ಸುಮಾರು 3300 ನ್ಯೂಟನ್. ಬುಟ್ಟಿ ಎತ್ತಿದ ನಮ್ಮ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮೂವತ್ತು ಸಲ ಎದ್ದು ಕುಳಿತ ನಾವು ನೊಂದ ಬೆನ್ನಿನಿಂದ ಮೂವತ್ತು ಬುಟ್ಟಿ ಎತ್ತಿದಂತಾಯಿತು, ಅದೂ ಬೆಳಗ್ಗೆ ಎದ್ದೊಡನೆ!

ಅಡಿಕೋಲಿನ ಪ್ರಯೋಗ

ಹಾಗಾದರೆ ನಡುವಿನ ಸ್ನಾಯುಗಳ ನಿಜವಾದ ಕೆಲಸವೇನು? ಇದನ್ನು ತಿಳಿಯಲು ಮನೆಯಲ್ಲಿಯೇ ಮಾಡಬಹುದಾದ ಒಂದು ಪ್ರಯೋಗವಿದೆ. ಅಡಿಗೆಮನೆಯ ತಕ್ಕಡಿಯ ಮೇಲೆ ಮಕ್ಕಳ ಪ್ಲಾಸ್ಟಿಕ್ ಅಡಿಕೋಲನ್ನು ನೆಟ್ಟಗೆ ನಿಲ್ಲಿಸಿ, ಮೇಲಿನ ತುದಿಯನ್ನು ಅಂಗೈಯಿಂದ ಮೆಲ್ಲನೆ ಒತ್ತಿ. ಸ್ವಲ್ಪ ಒತ್ತಿದೊಡನೆ ಅಡಿಕೋಲು ನಡುವಿನಲ್ಲಿ ಬಿಲ್ಲಿನಂತೆ ಬಾಗುತ್ತದೆ. ಆಗ ತಕ್ಕಡಿ ತೋರಿಸುವ ಭಾರವನ್ನು ಗುರುತುಮಾಡಿಕೊಳ್ಳಿ. ಈಗ ಇನ್ನೊಬ್ಬರು ಎರಡು ಬೆರಳುಗಳಿಂದ ಅಡಿಕೋಲಿನ ನಡುವನ್ನು ಎರಡು ಬದಿಯಿಂದಲೂ ಮೃದುವಾಗಿ ಹಿಡಿದುಕೊಂಡಿರಲಿ. ಮತ್ತೆ ಒತ್ತಿ. ಬಾಗುವ ಮುನ್ನ ಅಡಿಕೋಲು ಹೊರುವ ಭಾರ ಹಲವು ಮಡಿ ಹೆಚ್ಚಿರುವುದನ್ನು ಕಂಡು ಆಶ್ಚರ್ಯಪಡುವಿರಿ. ಆಯ್ಲರನು 1744ರಲ್ಲಿಯೇ ಇದರ ಗಣಿತವನ್ನು ಬರೆದಿಟ್ಟಿದ್ದಾನೆ: ಆಸರೆಯಿಲ್ಲದ ಕಂಬದ ಉದ್ದ ಅರ್ಧವಾದರೆ ಅದು ಬಾಗದೆ ಹೊರುವ ಭಾರ ನಾಲ್ಕು ಮಡಿಯಾಗುತ್ತದೆ. ಇಲ್ಲಿ ಗಮನಿಸತಕ್ಕದ್ದು ಬೆರಳು ಹಾಕಿದ ಬಲ. ಅದು ಅತ್ಯಲ್ಪ. ಬೆರಳು ಭಾರವನ್ನು ಹೊರಲಿಲ್ಲ. ನಡುವು ಜಾರದಂತೆ ನೋಡಿಕೊಂಡಿತು, ಅಷ್ಟೆ.

ಬೆನ್ನೆಲುಬು ಇಂತಹ ಅಡಿಕೋಲೇ ಸರಿ. 1961ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಲ್ಯೂಕಾಸ್ ಮತ್ತು ಬ್ರೆಸ್ಲರ್ ಎಂಬುವರು ಶವದಿಂದ ತೆಗೆದ ಬೆನ್ನೆಲುಬನ್ನು, ಮಣಿಗಳನ್ನು ಕೂಡಿಸುವ ಕಟ್ಟುಗಳಷ್ಟನ್ನು ಉಳಿಸಿ ಸ್ನಾಯುಗಳನ್ನೆಲ್ಲ ಬಿಡಿಸಿ, ನೆಟ್ಟಗೆ ನಿಲ್ಲಿಸಿ ಭಾರ ಹೇರಿದರು. ಸುಮಾರು 2 ಕಿಲೋಗ್ರಾಂ ಭಾರಕ್ಕೇ ಅದು ಬಾಗಿ ಕುಸಿಯಿತು. ನಮ್ಮ ತಲೆಯ ತೂಕವೇ ಅದಕ್ಕಿಂತ ಹೆಚ್ಚು. ಜೀವಂತ ಮನುಷ್ಯನು ನೂರಾರು ಕಿಲೋಗ್ರಾಂ ಒತ್ತಡವನ್ನು ತಡೆಯುತ್ತಾನೆಂದರೆ ಅದು ಸುತ್ತಲಿನ ಸ್ನಾಯುಗಳ ಮಹಿಮೆ. ರಸ್ತೆಯ ತಿರುವಿನಲ್ಲಿರುವ ವಿದ್ಯುತ್ ಕಂಬಕ್ಕೆ ಓರೆಯಾಗಿ ನೆಲಕ್ಕೆ ಕಟ್ಟಿದ ಸ್ಟೇ ವೈರನ್ನು ಎಲ್ಲರೂ ನೋಡಿದ್ದಾರೆ. ಮುಂದೆ ಹೊಟ್ಟೆಯ ಸ್ನಾಯು, ಎರಡು ಪಕ್ಕಗಳಲ್ಲಿ ಓರೆ ಓರೆಯಾಗಿ ಹೆಣೆದ ಪದರಗಳು, ಎಲ್ಲಕ್ಕೂ ಒಳಗೆ ಪಟ್ಟಿಯಂತೆ ಅಡ್ಡಲಾಗಿ ಸುತ್ತಿದ ಸ್ನಾಯು, ಹಿಂದೆ ಬೆನ್ನಿನ ನೆಟ್ಟ ಸ್ನಾಯುಗಳು, ಮೇಲೆ ವಪೆ, ಕೆಳಗೆ ಶ್ರೋಣಿಯ ತಳ. ಇವೆಲ್ಲ ಸೇರಿ ಬೆನ್ನೆಲುಬಿಗೆ ಕಟ್ಟಿದ ಸ್ಟೇ ವೈರುಗಳು. ‘ಟೊಂಕ ಕಟ್ಟಿ ನಿಲ್ಲು’ ಎಂದು ನಮ್ಮವರು ಹೇಳುವುದರಲ್ಲಿ ಈ ಚಿತ್ರ ಅಡಗಿದೆಯೆಂದು ನಮಗೆ ತೋರುತ್ತದೆ; ಕಟ್ಟಬೇಕಾದ ಟೊಂಕ ಮೈಯೊಳಗಿನದು. ಎಲ್ಲ ತಂತಿಗಳೂ ಹದವಾಗಿ ಬಿಗಿದಿರಬೇಕು. ಒಂದನ್ನೇ ವಿಪರೀತ ಬಿಗಿದರೆ ಕಂಬ ಆ ಕಡೆಗೆ ವಾಲುತ್ತದೆ. ದಿನನಿತ್ಯದ ಕೆಲಸಗಳಲ್ಲಿ ಬೆನ್ನೆಲುಬನ್ನು ಸ್ಥಿರವಾಗಿಡಲು ಈ ಸ್ನಾಯುಗಳು ತಮ್ಮ ಪೂರ್ಣಶಕ್ತಿಯ ಹತ್ತರಲ್ಲೊಂದು ಪಾಲು ಬಿಗಿದರೆ ಸಾಕೆಂದು ಅಂದಾಜು ಮಾಡಿದ್ದಾರೆ. ಆದರೆ ಆ ಹತ್ತರಲ್ಲೊಂದು ದಿನವಿಡೀ ಇರಬೇಕು.

ಎಂದಮೇಲೆ ಬೇಕಾಗಿರುವುದು ಶಕ್ತಿಗಿಂತ ಹೆಚ್ಚಾಗಿ ತಾಳಿಕೆ. ಡೆನ್ಮಾರ್ಕಿನ ಬೀರಿಂಗ್-ಸೋರೆನ್ಸನ್ ಎಂಬ ವೈದ್ಯರು 1984ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಬೋರಲಾಗಿ ಮಲಗಿ ಮೈಯ ಮೇಲರ್ಧವನ್ನು ಮೇಜಿನಿಂದ ಹೊರಚಾಚಿ ಹೆಚ್ಚು ಹೊತ್ತು ಹಿಡಿದಿರಬಲ್ಲ ಗಂಡಸರಿಗೆ ಮುಂದಿನ ವರ್ಷದಲ್ಲಿ ಮೊದಲ ಸಲ ಸೊಂಟನೋವು ಬರುವ ಸಂಭವ ಕಡಿಮೆಯೆಂದು ಕಂಡುಬಂದಿತು. ಈ ಪರೀಕ್ಷೆಯನ್ನು ನೊಂದವರು ಮನೆಯಲ್ಲಿ ಮಾಡಿ ನೋಡಬಾರದು. ನಾವು ಇದನ್ನು ಹೇಳಿದ್ದು ತಾಳಿಕೆಯ ಮಹತ್ವ ತಿಳಿಯಲೆಂದು.

ವ್ಯಾಯಾಮಕ್ಕೆ ಹೊರಡುವ ಮುನ್ನ

ನಾವು ವೈದ್ಯರಲ್ಲ. ಆದುದರಿಂದ ವೈದ್ಯರು ನಮಗೆ ಒತ್ತಿ ಹೇಳಿದುದನ್ನು ಇಲ್ಲಿ ಒತ್ತಿ ಹೇಳುತ್ತೇವೆ. ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋಗುತ್ತಿದ್ದರೆ, ಮಲದ ಹತೋಟಿ ತಪ್ಪಿದರೆ, ಕುಳಿತುಕೊಳ್ಳುವ ಜಾಗದಲ್ಲಿ ಮರಗಟ್ಟಿದಂತಾದರೆ, ಎರಡು ಕಾಲುಗಳೂ ಸೋತರೆ, ಅದು ಅಂದೇ, ಆ ಗಂಟೆಯಲ್ಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕಾದ ಸಂಗತಿ. ತಡಮಾಡಿದರೆ ಕಳೆದುಕೊಂಡುದು ಮರಳಿ ಬಾರದೆ ಹೋಗಬಹುದು. ಪಾದ ಎತ್ತಲಾಗದೆ ನೆಲಕ್ಕೆ ಸವರುತ್ತಿದ್ದರೂ ಕಾಯಬಾರದು. ಜ್ವರ, ಕಾರಣವಿಲ್ಲದೆ ಮೈ ಇಳಿಯುವುದು, ಮಲಗಿದರೂ ತಗ್ಗದ ರಾತ್ರಿಯ ನೋವು, ವಯಸ್ಸಾದವರು ಬಿದ್ದ ಮೇಲೆ ಬಂದ ನೋವು, ಇವೂ ವ್ಯಾಯಾಮದಿಂದ ಹೋಗತಕ್ಕವಲ್ಲ. ಕ್ಷಯರೋಗ ಬೆನ್ನೆಲುಬಿಗೂ ತಗಲುತ್ತದೆಂಬುದನ್ನು ನಮ್ಮ ದೇಶದವರು ಮರೆಯಲಾಗದು. ಪರ್ಸಿವಲ್ ಪಾಟ್ ಎಂಬ ಇಂಗ್ಲೆಂಡಿನ ಶಸ್ತ್ರವೈದ್ಯನು 1779ರಲ್ಲಿ ವರ್ಣಿಸಿದ ಆ ರೋಗ ಇಂದೂ ಇದೆ, ಮತ್ತು ಅದಕ್ಕೆ ಔಷಧವೂ ಇದೆ.

ಇಂತಹ ಲಕ್ಷಣಗಳಿಲ್ಲದಿದ್ದರೆ, ಹಾಸಿಗೆಯಲ್ಲಿ ಬಹುಕಾಲ ಮಲಗಿರುವ ಹಳೆಯ ಪದ್ಧತಿಯನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ. ನೋವು ಬಿಟ್ಟಷ್ಟು ಓಡಾಡುತ್ತಿರಬೇಕು. ತೀವ್ರ ನೋವಿನ ಮೊದಲ ದಿನಗಳಲ್ಲಿ ನಿಧಾನವಾದ ನಡಿಗೆಯೇ ವ್ಯಾಯಾಮ. ಅದು ತಗ್ಗಿದ ಮೇಲೆ ಮುಂದಿನವುಗಳನ್ನು ವೈದ್ಯರನ್ನು ಕೇಳಿ ಆರಂಭಿಸಬಹುದು.

ಎಲ್ಲಕ್ಕೂ ಮೊದಲು ಕಲಿಯಬೇಕಾದುದು ನಡುವನ್ನು ಬಿಗಿಹಿಡಿಯುವುದು. ಎರಡು ಕೈಗಳನ್ನೂ ಪಕ್ಕೆಯ ಕೆಳಗೆ ಸೊಂಟದ ಮೆತ್ತನೆಯ ಭಾಗದಲ್ಲಿಟ್ಟು ಒಮ್ಮೆ ಮೆಲ್ಲನೆ ಕೆಮ್ಮಿ. ಬೆರಳ ಕೆಳಗೆ ಸ್ನಾಯು ಗಟ್ಟಿಯಾಗಿ ಹೊರಕ್ಕೆ ಬರುತ್ತದೆ. ಕೆಮ್ಮದೆ ಅದೇ ಬಿಗಿತವನ್ನು ತರಬೇಕು, ಉಸಿರಾಡುತ್ತಲೇ ಇರಬೇಕು. ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುವುದಲ್ಲ, ಉಬ್ಬಿಸುವುದೂ ಅಲ್ಲ. ಚೇಷ್ಟೆಯ ಹುಡುಗನೊಬ್ಬ ಹೊಟ್ಟೆಗೆ ತಿವಿಯಲು ಬಂದರೆ ತಾನಾಗಿ ಆಗುವ ಬಿಗಿತ. ಹೊಟ್ಟೆಯನ್ನು ಒಳಕ್ಕೆಳೆಯುವ ಪಾಠವೊಂದು ಕೆಲವು ಕಾಲ ಬಹಳ ಪ್ರಚಾರದಲ್ಲಿತ್ತು. ಆಸ್ಟ್ರೇಲಿಯದ ಹಾಜಸ್ ಮತ್ತು ರಿಚರ್ಡ್‌ಸನ್ 1996ರಲ್ಲಿ, ಕೈ ಎತ್ತುವುದಕ್ಕೆ ಮುಂಚೆಯೇ ಒಳಗಿನ ಅಡ್ಡ ಸ್ನಾಯು ಬಿಗಿಯುತ್ತದೆಂದೂ, ಸೊಂಟನೋವಿನವರಲ್ಲಿ ಅದು ತಡವಾಗುತ್ತದೆಂದೂ ತೋರಿಸಿದರು. ಸೊಗಸಾದ ಸಂಶೋಧನೆ. ಆದರೆ ಆ ಒಂದು ಸ್ನಾಯುವನ್ನೇ ಹಿಡಿದು ಮಾಡಿದ ವ್ಯಾಯಾಮ ಉಳಿದ ವ್ಯಾಯಾಮಗಳಿಗಿಂತ ಬಹಳ ಮೇಲೆಂದು ಅನಂತರದ ಪರೀಕ್ಷೆಗಳಲ್ಲಿ ಸಿದ್ಧವಾಗಲಿಲ್ಲ. ಒಂದೇ ತಂತಿಯಿಂದ ಕಂಬ ನಿಲ್ಲುವುದಿಲ್ಲವಷ್ಟೆ.

ಬಿಗಿ ಹಿಡಿಯುವುದು ಬಂದ ಮೇಲೆ ಮೂರು ಭಂಗಿಗಳು. ಇವನ್ನು ಪ್ರಚಾರಕ್ಕೆ ತಂದವರು ಮೇಲೆ ಹೇಳಿದ ಮೆಕ್‌ಗಿಲ್ಲರೇ. ಮೂರರಲ್ಲಿಯೂ ಬೆನ್ನೆಲುಬು ಬಾಗುವುದಿಲ್ಲ. ಬಾಗದಂತೆ ತಡೆಯುವುದೇ ಕೆಲಸ.

ಮೊದಲನೆಯದು ಹೊಟ್ಟೆಯದು. ಚಾಪೆಯ ಮೇಲೆ ಅಂಗಾತ ಮಲಗಿ, ಒಂದು ಮೊಣಕಾಲನ್ನು ಮಡಿಸಿ, ಇನ್ನೊಂದು ಕಾಲನ್ನು ನೀಡಿ, ಎರಡು ಅಂಗೈಗಳನ್ನೂ ಸೊಂಟದ ಕೆಳಗಿನ ಟೊಳ್ಳಿನಲ್ಲಿ ಇಟ್ಟುಕೊಳ್ಳಬೇಕು. ಆ ಟೊಳ್ಳು ಬೆನ್ನೆಲುಬಿನ ಸಹಜವಾದ ಬಾಗು. ಅದು ಕೈಯ ಮೇಲೆ ಕುಸಿಯಬಾರದು. ನಡು ಬಿಗಿದು, ತಲೆ ಮತ್ತು ಭುಜಗಳನ್ನು ಒಟ್ಟಾಗಿ ನೆಲದಿಂದ ಎರಡು ಬೆರಳಷ್ಟು ಎತ್ತಿ, ಎಂಟು ಹತ್ತು ಸೆಕೆಂಡು ಹಿಡಿದು ಇಳಿಸಬೇಕು. ಎರಡು ಬೆರಳಿಗಿಂತ ಮೇಲೆ ಎತ್ತುವ ಆಸೆಯೇ ಬೇಡ. ನೋಡುವವರಿಗೆ ಇದು ವ್ಯಾಯಾಮವೆಂದೇ ತೋರುವುದಿಲ್ಲ, ಆದರೆ ಹೊಟ್ಟೆಗೆ ಗೊತ್ತಾಗುತ್ತದೆ.

ಎರಡನೆಯದು ಪಕ್ಕದ್ದು. ಒಂದು ಮಗ್ಗುಲಿಗೆ ಮಲಗಿ, ಮೊಣಕೈಯನ್ನು ಭುಜದ ನೇರಕ್ಕೆ ನೆಲಕ್ಕೂರಿ, ಮೊಣಕಾಲುಗಳನ್ನು ಮಡಿಸಿ, ಮೊಣಕೈ ಮೊಣಕಾಲುಗಳ ಆಧಾರದ ಮೇಲೆ ಸೊಂಟವನ್ನು ಎತ್ತಿ ತಲೆಯಿಂದ ಮೊಣಕಾಲಿನವರೆಗೆ ಒಂದೇ ಗೆರೆಯಾಗುವಂತೆ ಹಿಡಿಯಬೇಕು. ಅನಂತರ ಇನ್ನೊಂದು ಮಗ್ಗುಲು. ವಾರಗಳು ಕಳೆದ ಮೇಲೆ ಮೊಣಕಾಲಿನ ಬದಲು ಪಾದದ ಆಧಾರ. ಭುಜದ ನೋವಿರುವವರು ನಿಂತುಕೊಂಡು ಮೊಣಕೈಯನ್ನು ಗೋಡೆಗೆ ಊರಿ ಇದನ್ನೇ ಮಾಡಬಹುದು.

ಮೂರನೆಯದು ಬೆನ್ನಿನದು. ಮಗು ಅಂಬೆಗಾಲಿಡುವಂತೆ ಅಂಗೈ ಮೊಣಕಾಲುಗಳನ್ನು ಊರಿ, ನಡು ಬಿಗಿದು, ಒಂದು ಕಾಲನ್ನು ಹಿಂದಕ್ಕೆ ನೆಲಕ್ಕೆ ಸಮಾಂತರವಾಗಿ ನೀಡಿ ಹಿಡಿಯಬೇಕು. ಸೊಂಟ ಒಂದು ಕಡೆಗೆ ವಾಲಬಾರದು. ಬೆನ್ನ ಮೇಲೆ ನೀರಿನ ಲೋಟವಿಟ್ಟಿದೆಯೆಂದು ಭಾವಿಸಿಕೊಳ್ಳಿ. ಇದು ಸಲೀಸಾದ ಮೇಲೆ ಎದುರು ಬದಿಯ ಕೈಯನ್ನೂ ಮುಂದಕ್ಕೆ ನೀಡುವುದು. ಇಲ್ಲಿಯೂ ಅಳತೆ ನಡೆದಿದೆ. 1998ರಲ್ಲಿ ಪ್ರಕಟವಾದ ಅಂಕಿಗಳಂತೆ ಕಾಲನ್ನು ಮಾತ್ರ ಎತ್ತಿದರೆ ಬೆನ್ನಿನ ಒತ್ತಡ 2500 ನ್ಯೂಟನ್ನಿಗಿಂತ ಕಡಿಮೆ, ಕೈಯನ್ನೂ ಸೇರಿಸಿದರೆ 3000ದಷ್ಟು. ಬೋರಲು ಮಲಗಿ ಕೈಕಾಲುಗಳನ್ನೆಲ್ಲ ಒಟ್ಟಿಗೆ ಎತ್ತಿದರೆ ಅದು 4000ವನ್ನು ದಾಟುತ್ತದೆ. ಆ ಭಂಗಿ ಬೆನ್ನಿಗೆ ಒಳ್ಳೆಯದೆಂದು ಹಲವರು ಹೇಳಿಕೊಡುತ್ತಾರೆ. ನೊಂದವರಿಗೆ ಆರಂಭದಲ್ಲಿ ಅದು ಸಲ್ಲದು. ಗರಡಿಮನೆಯ ದಂಡ ಬಸ್ಕಿಗಳ ವಿಷಯವೂ ಹೀಗೆಯೇ. ಆರೋಗ್ಯವಂತನಿಗೆ ಅವು ಅಮೂಲ್ಯ. ನೊಂದ ಬೆನ್ನಿಗೆ ದಂಡ ಬಹು ದೂರದ ಮೆಟ್ಟಿಲು.

ಒಂದೊಂದು ಹಿಡಿತವೂ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ಮೊದಲ ಸರದಿಯಲ್ಲಿ ಆರು ಸಲ, ಸ್ವಲ್ಪ ವಿಶ್ರಮಿಸಿ ನಾಲ್ಕು ಸಲ, ಮತ್ತೆ ಎರಡು ಸಲ. ಬಲ ಬಂದಂತೆ ಸಲಗಳನ್ನು ಹೆಚ್ಚಿಸಬೇಕೇ ಹೊರತು ಹಿಡಿಯುವ ಹೊತ್ತನ್ನಲ್ಲ. ಸ್ನಾಯು ದಣಿದಾಗಲೇ ಬೆನ್ನು ತನ್ನ ಹದವನ್ನು ತಪ್ಪುವುದು. ನೋವಿನ ವಿಷಯದಲ್ಲಿ ನಮಗೆ ವೈದ್ಯರು ಕೊಟ್ಟ ಸೂತ್ರ ಇದು: ಸ್ನಾಯು ಉರಿಯುವುದು ಸಹಜ, ನೋವು ಸೊಂಟದಿಂದ ತೊಡೆಗೆ, ತೊಡೆಯಿಂದ ಮೀನಖಂಡಕ್ಕೆ ಇಳಿಯತೊಡಗಿದರೆ ಅಲ್ಲಿಗೆ ನಿಲ್ಲಿಸಿ, ಕಾಲಿನ ನೋವು ಸೊಂಟದ ಕಡೆಗೆ ಹಿಂದೆ ಸರಿಯುತ್ತಿದ್ದರೆ ದಾರಿ ಸರಿಯಾಗಿದೆ. ಇವೇ ಮೂರು ಭಂಗಿಗಳಾಗಬೇಕೆಂಬ ಹಟವೂ ಬೇಡ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಹೊರಡಿಸಿದ ಮಾರ್ಗದರ್ಶನವು ದೀರ್ಘಕಾಲದ ಸೊಂಟನೋವಿಗೆ ಕ್ರಮಬದ್ಧವಾದ ವ್ಯಾಯಾಮವನ್ನು ಹೇಳುತ್ತದೆಯೇ ಹೊರತು ಇಂಥದೇ ಎಂದು ಗೊತ್ತುಮಾಡುವುದಿಲ್ಲ. ಬೆನ್ನನ್ನು ಕೆರಳಿಸದೆ, ಬಿಡದೆ ಮಾಡಬಹುದಾದುದನ್ನು ಆರಿಸಿಕೊಂಡರಾಯಿತು.

ಈ ವ್ಯಾಯಾಮಗಳನ್ನು ಮಾಡುವ ಹೊತ್ತೂ ಮುಖ್ಯ. ಬೆಳಗ್ಗೆ ಎದ್ದಾಗ ನಮ್ಮ ಎತ್ತರ ರಾತ್ರಿ ಮಲಗುವಾಗ ಇದ್ದುದಕ್ಕಿಂತ ಒಂದು ಒಂದೂವರೆ ಸೆಂಟಿಮೀಟರು ಹೆಚ್ಚಿರುತ್ತದೆ. ಭಾರವಿಲ್ಲದೆ ಮಲಗಿದ್ದಾಗ ಬಿಲ್ಲೆಗಳು ನೀರು ಹೀರಿ ಊದಿಕೊಳ್ಳುವುದೇ ಇದಕ್ಕೆ ಕಾರಣ. ಊದಿದ ಬಿಲ್ಲೆಯನ್ನು ಬಗ್ಗಿಸಿದರೆ ನಾರುಗಳ ಮೇಲಿನ ಸೆಳೆತ ಬಹಳ ಹೆಚ್ಚು. ಎದ್ದು ಓಡಾಡಿದ ಮೊದಲ ಗಂಟೆಯಲ್ಲಿ ಆ ಹೆಚ್ಚಿನ ನೀರಿನ ದೊಡ್ಡ ಪಾಲು ಹೊರಬರುತ್ತದೆ. ಸ್ನೂಕ್ ಮತ್ತು ಸಂಗಡಿಗರು 1998ರಲ್ಲಿ ದೀರ್ಘಕಾಲದ ನೋವಿನವರಿಗೆ ಬೆಳಗಿನ ಹೊತ್ತು ಬಗ್ಗುವುದನ್ನು ಬಿಡಿಸಿ ನೋಡಿದಾಗ ಅವರ ನೋವು ಕಡಿಮೆಯಾಯಿತು. ನಮ್ಮ ಹೆಣ್ಣುಮಕ್ಕಳು ಹಾಸಿಗೆಯಿಂದ ಎದ್ದೊಡನೆ ಮಾಡುವ ಕೆಲಸಗಳು ಯಾವುವು? ಗಿಡ್ಡ ಪೊರಕೆಯಿಂದ ಅಂಗಳ ಗುಡಿಸುವುದು, ಸಗಣಿನೀರು ಹಾಕಿ ಸಾರಿಸುವುದು, ಬಗ್ಗಿ ರಂಗೋಲಿ ಇಡುವುದು. ಎಲ್ಲವೂ ಊದಿದ ಬಿಲ್ಲೆಯ ಹೊತ್ತಿನಲ್ಲಿ! ಉದ್ದ ಹಿಡಿಯ ಪೊರಕೆ ತಂದುಕೊಡುವುದಕ್ಕೆ, ನೋವಿರುವಷ್ಟು ದಿನ ಆ ಕೆಲಸವನ್ನು ಒಂದು ಗಂಟೆ ಹಿಂದಕ್ಕೆ ಹಾಕುವುದಕ್ಕೆ, ಇಲ್ಲವೆ ಮನೆಯ ಗಂಡಸರು ಅದನ್ನು ಕೈಗೆತ್ತಿಕೊಳ್ಳುವುದಕ್ಕೆ ಯಾವ ಶಾಸ್ತ್ರವೂ ಅಡ್ಡಬರುವುದಿಲ್ಲ.

ಬಗ್ಗದೆ ಬದುಕಲಾಗುವುದಿಲ್ಲ, ನಿಜ. ಬಗ್ಗುವ ಕೀಲನ್ನು ಬದಲಾಯಿಸಬಹುದು. ಒಂದು ನೆಟ್ಟನೆಯ ಕೋಲನ್ನು ಬೆನ್ನಿಗೆ ಆತುಕೊಂಡಂತೆ ಹಿಡಿಯಿರಿ; ಅದು ತಲೆಯ ಹಿಂಭಾಗ, ಬೆನ್ನಿನ ನಡು, ಬೆನ್ನೆಲುಬಿನ ತಳ ಈ ಮೂರು ಕಡೆಯೂ ತಾಗಿರಲಿ. ಮೂರೂ ಬಿಡದಂತೆ, ಮೊಣಕಾಲನ್ನು ಕೊಂಚ ಮಡಿಸಿ, ಪೃಷ್ಠವನ್ನು ಹಿಂದಕ್ಕೆ ತಳ್ಳುತ್ತ ಬಗ್ಗಿ. ಈಗ ಬಾಗುತ್ತಿರುವುದು ತೊಡೆಯ ಕೀಲು, ಬೆನ್ನೆಲುಬಲ್ಲ. ಇದರಿಂದ ಸನ್ನೆಯ ಲೆಕ್ಕ ಹೆಚ್ಚಾಗಿ ಬದಲಾಗುವುದಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಬಿಲ್ಲೆಯ ಹಿಂಬದಿಯ ನಾರು ಮಾತ್ರ ಉಳಿದುಕೊಳ್ಳುತ್ತದೆ. ಲೆಕ್ಕ ಬದಲಾಗಬೇಕಾದರೆ ಭಾರವನ್ನು ಮೈಗೆ ಹತ್ತಿರ ತರಬೇಕು. ಅದೇ 20 ಕಿಲೋಗ್ರಾಂ ಬುಟ್ಟಿ 50ರ ಬದಲು 25 ಸೆಂಟಿಮೀಟರಿನಲ್ಲಿದ್ದರೆ 167 ಇದ್ದುದು 83 ಆಗುತ್ತದೆ.

ನಮ್ಮ ಬೀದಿಯಲ್ಲಿ ಹೊಗೆಸೊಪ್ಪಿನ ಹರಾಜಿನ ಕಾಲದಲ್ಲಿ ಹಮಾಲಿ ಕೆಲಸಕ್ಕೂ, ಉಳಿದ ಕಾಲದಲ್ಲಿ ಶುಂಠಿ, ಗೊಬ್ಬರದ ಚೀಲ ಹೊರುವುದಕ್ಕೂ ಹೋಗುವವರೊಬ್ಬರಿದ್ದಾರೆ. ಅವರಿಗೂ ಸೊಂಟನೋವು. ಈ ಲೆಕ್ಕವನ್ನೆಲ್ಲ ಉತ್ಸಾಹದಿಂದ ಅವರಿಗೆ ವಿವರಿಸಿದಾಗ ಅವರು ಸಾವಧಾನವಾಗಿ ಕೇಳಿ, “ಮೇಷ್ಟ್ರೇ, ನೀವೇನೋ ರಜ ಹಾಕಿ ಮನೀಕೊಂಡ್ರಿ. ನಾನು ಮನೀಕೊಂಡ್ರೆ ಒಲೆ ಹತ್ತೋದು ಹ್ಯಾಗೆ?” ಎಂದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಎತ್ತುವ ಬಗೆಯನ್ನು ಬರಿದೆ ಕಲಿಸುವುದರಿಂದ ಸೊಂಟನೋವು ತಡೆಯಲ್ಪಡುವುದಿಲ್ಲವೆಂದು 2011ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದವರು ಕಂಡುಕೊಂಡಿದ್ದಾರೆ. ಭಾರವೇ ಇಳಿಯಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ವಯಸ್ಕ ಗಂಡಸಿನ ಹೊರೆ 55 ಕಿಲೋಗ್ರಾಮಿಗಿಂತ ಹೆಚ್ಚಿದ್ದರೆ ಅದನ್ನು ಆ ಮಟ್ಟಕ್ಕೆ ಇಳಿಸಲು ಕ್ರಮ ಕೈಗೊಳ್ಳಬೇಕೆಂದು ಶಿಫಾರಸು ಮಾಡಿತು. ಯೂರಿಯದ ಚೀಲ 2018ರಲ್ಲಿ 50ರಿಂದ 45 ಕಿಲೋಗ್ರಾಮಿಗೆ ಇಳಿಯಿತು, ಬೆನ್ನಿನ ಸಲುವಾಗಿ ಅಲ್ಲದಿದ್ದರೂ. ಶುಂಠಿಯ ಚೀಲ ಇನ್ನೂ ಅರವತ್ತರಲ್ಲೇ ಇದೆ.

ಆದರೂ ಸನ್ನೆಯ ಲೆಕ್ಕ ಅವರಿಗೆ ಒಂದು ಕಡೆ ನೆರವಾಯಿತು. ಅರವತ್ತರ ಚೀಲ ನೆಟ್ಟಗೆ ನಿಂತವನ ತಲೆಯ ಮೇಲಿದ್ದರೆ ಅದು ಬೆನ್ನೆಲುಬಿನ ನೇರಕ್ಕೇ ಇರುತ್ತದೆ. ತೋಳಿನ ಉದ್ದ ಸೊನ್ನೆ. ಮೇಲಿನ ಮೈಯ 36, ಚೀಲದ 60, ಸೇರಿ 96 ಕಿಲೋಗ್ರಾಂ ಭಾರ ಮಾತ್ರ ಸೊಂಟಕ್ಕೆ. ಅದೇ ಚೀಲವನ್ನು ನೆಲದಿಂದ ಬಗ್ಗಿ ಎತ್ತಿದರೆ 680 ಎಂದು ಆಗಲೇ ಕಂಡೆವು. ಕುತ್ತಿಗೆಗೆ ತಲೆಹೊರೆ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಸೊಂಟಕ್ಕೆ ಅಪಾಯವಿರುವುದು ಹೊತ್ತು ನಡೆಯುವುದರಲ್ಲಲ್ಲ, ಎತ್ತುವ ಆ ಒಂದು ಕ್ಷಣದಲ್ಲಿ ಮತ್ತು ಇಳಿಸುವ ಇನ್ನೊಂದು ಕ್ಷಣದಲ್ಲಿ ಎಂಬುದಷ್ಟೆ ಇದರ ಅರ್ಥ. ಇದು ಅವರಿಗೆ ಹಿಡಿಸಿತು. ಈಗ ಅವರು ಒಬ್ಬರೇ ನೆಲದಿಂದ ಎತ್ತುವುದಿಲ್ಲ. ಇಬ್ಬರು ಎತ್ತಿ ಹೊರಿಸುತ್ತಾರೆ, ಇಳಿಸುವಾಗ ಸೊಂಟದ ಮಟ್ಟದ ಜಗುಲಿಯ ಮೇಲೆಯೋ ಗಾಡಿಯ ಹಲಗೆಯ ಮೇಲೆಯೋ ಇಳಿಸುತ್ತಾರೆ. ಅಂಗಡಿಯಲ್ಲಿ ಯಾರೋ ಮಾರಿದ್ದ ಸೊಂಟದ ಬೆಲ್ಟನ್ನು ತಂದು ತೋರಿಸಿದ್ದರು. ಅಂತಹ ಪಟ್ಟಿಗಳು ನೋವನ್ನು ತಡೆಯುತ್ತವೆಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಅದೇ ಸಂಸ್ಥೆ 1994ರಲ್ಲಿ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆಯೂ ಅವನ್ನು ಶಿಫಾರಸು ಮಾಡುವುದಿಲ್ಲ. ಅದು ಈಗ ಅವರ ಮನೆಯ ಗೂಟಕ್ಕೆ ನೇತಾಡುತ್ತಿದೆ.

ಮೂರು ಭಂಗಿಗಳನ್ನು ಅವರು ಸಂಜೆ ಕೆಲಸ ಮುಗಿಸಿ, ಕೈಕಾಲು ತೊಳೆದು, ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಮಾಡುತ್ತಾರೆ. ಮಗ್ಗುಲಿನ ಭಂಗಿಯಲ್ಲಿ ಮೊದಲು ನಾಲ್ಕು ಸೆಕೆಂಡು ನಿಲ್ಲುವುದೂ ಕಷ್ಟವಾಗಿತ್ತು, ಮನೆಯಾಕೆ ನಗುತ್ತಿದ್ದರಂತೆ. ಆರು ವಾರಗಳಲ್ಲಿ ಹತ್ತಕ್ಕೆ ಬಂದಿತು. ಗಡಿಯಾರ ನೋಡುವುದಿಲ್ಲ, ಕಣದಲ್ಲಿ ಬತ್ತ ಅಳೆಯುವವರಂತೆ ‘ಲಾಭ’ದಿಂದ ಆರಂಭಿಸಿ ‘ಎರಡು, ಮೂರು’ ಎಂದು ಹತ್ತರವರೆಗೆ ಗಟ್ಟಿಯಾಗಿ ಎಣಿಸುತ್ತಾರೆ. ಗಟ್ಟಿಯಾಗಿ ಎಣಿಸುವವರು ಉಸಿರು ಕಟ್ಟುವಂತಿಲ್ಲವಾದುದರಿಂದ ಆ ಎಣಿಕೆಯನ್ನು ನಾವೂ ಅವರಿಂದ ಕಲಿತುಕೊಂಡಿದ್ದೇವೆ.